ಮೇಡಂ ಅವರ ತ್ರಿಕಾಲ ಪೂಜೆ

ಹೈದರಾಬಾದಿನ ಆಸ್ಪತ್ರೆಯೊಂದರ ಕಡತದಲ್ಲಿ ಮೇಡಂ ಹೆಸರಿನ ಕೆಳಗೆ ನನ್ನ ಹೆಸರಿದೆ. ಪಕ್ಕದಲ್ಲಿ 'ಸಂಬಂಧ' ಎಂಬ ಕಾಲಂ. ಗಂಡ, ಹೆಂಡತಿ, ಮಗ, ಮಗಳು, ಅಣ್ಣ, ತಂಗಿ ಎಂದೆಲ್ಲ ಅಚ್ಚಾಗಿದ್ದ ಪಟ್ಟಿಯ ಕೊನೆಯಲ್ಲಿ 'ಇತರೆ' ಎಂದಿತ್ತು. ಮೇಡಂ ಕನ್ನಡಕವನ್ನು ಹಣೆಗೇರಿಸಿ, ಆ ಇತರೆಯ ಎದುರು ಗುರುತು ಹಾಕಿ, ಪೆನ್ನನ್ನು ನನ್ನ ಕೈಗೆ ಕೊಟ್ಟು, "ಸಹಿ ಮಾಡ್ರಿ ಕನ್ನಡದವ್ರೇ. ಇವತ್ತಿನಿಂದ ನೀವು ನನ್ನ ಇತರೆ" ಎಂದರು. ಇಬ್ಬರೂ ನಕ್ಕಿದ್ದೆವು. ಅವರು ತೀರಿಕೊಂಡು ಈಗ ಎರಡು ತಿಂಗಳಾಗುತ್ತ ಬಂತು. ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆಯಾಯಿತು, ನನಗೂ ನಾಲ್ಕು ಒಳ್ಳೆಯ ಮಾತಾಡಲು ಹೇಳಿದರು. ನಾನು ಒಲ್ಲೆನೆಂದೆ. ಅವರ ಬಗ್ಗೆ ಒಳ್ಳೆಯ ಮಾತಾಡಿಯೇ ನಾನು ಅವರಿಗೆ ಕೆಡುಕು ಮಾಡಿದ್ದೆ.

ನಾನು ಆಳಂದದವಳು. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಎಂ.ಎ. ಮುಗಿಸಿ ಜೇವರ್ಗಿಯ ಕಾಲೇಜಿಗೆ ಕನ್ನಡ ಪಾಠ ಹೇಳಲು ಬಂದಾಗ, ತಲೆಯ ಮೇಲೆ ದುಪಟ್ಟಾ ಹೊದ್ದವಳು ಹಳಗನ್ನಡ ಹೇಗೆ ಓದುತ್ತಾಳೆಂದು ನೋಡಲು ಬೇರೆ ಕ್ಲಾಸಿನ ಹುಡುಗರೂ ಕಿಟಕಿಗೆ ಬಂದು ನಿಲ್ಲುತ್ತಿದ್ದರು. ಬಾಡಿಗೆ ಮನೆ ಹುಡುಕುವುದು ಅದಕ್ಕಿಂತ ಕಷ್ಟವಾಯಿತು. ನನ್ನ ಹೆಸರು ಕೇಳುವವರೆಗೆ ಖಾಲಿಯಿದ್ದ ಮನೆಗಳು ಕೇಳಿದ ಮೇಲೆ ಭರ್ತಿಯಾಗಿಬಿಡುತ್ತಿದ್ದವು. ಸ್ಟಾಫ್ ರೂಮಿನಲ್ಲಿ ಈ ಮಾತು ಬಂದಾಗ, ಮೂಲೆಯಲ್ಲಿ ಕೂತು ಜರ್ನಲ್ ತಿದ್ದುತ್ತಿದ್ದ ಪ್ರಾಣಿಶಾಸ್ತ್ರದ ಮೇಡಂ ತಲೆಯೆತ್ತದೆ, "ನಮ್ಮ ಮ್ಯಾಲಿನ ಖೋಲಿ ಖಾಲಿ ಅದ. ಹಲ್ಲಿ ಭಾಳ ಅವ, ನಡೀತದೇನ್ರಿ?" ಎಂದರು. ನಡೀತದ ಎಂದೆ. ಹಲ್ಲಿಗಳೊಂದಿಗೆ ಆ ಖೋಲಿಯಲ್ಲಿ ಹತ್ತೊಂಬತ್ತು ವರ್ಷ ಕಳೆದೆ.

ಮೇಡಂ ಅಂದೋಲಾದವರು. ಕುಳ್ಳಗೆ, ಚುರುಕಾಗಿ, ಯಾವಾಗಲೂ ಎಲ್ಲಿಗೋ ತಡವಾದವರಂತೆ ನಡೆಯುತ್ತಿದ್ದರು. ಪಾಠ ಮಾಡುವಾಗ ಸೀಮೆಸುಣ್ಣವನ್ನು ತುರುಬಿಗೆ ಸಿಕ್ಕಿಸಿಕೊಂಡು ಮರೆತುಬಿಡುವರು. ಸಂಜೆ ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ ಅದು ಅಲ್ಲೇ ಇರುತ್ತಿತ್ತು. ಮದುವೆ ಯಾಕಾಗಲಿಲ್ಲ ಎಂದು ಕೇಳಿದವರಿಗೆ "ರಜಾ ಸಿಗಲಿಲ್ರಿ" ಎನ್ನುತ್ತಿದ್ದರು. ನನ್ನನ್ನು ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, 'ಕನ್ನಡದವ್ರೇ' ಎಂದೇ ಕರೆದರು. ಕನ್ನಡದವರೆಂದರೆ ಇದ್ದದ್ದಕ್ಕೆ ಬಣ್ಣ ಬಳಿಯುವವರು ಎಂಬುದು ಅವರ ಗಟ್ಟಿಯಾದ ನಂಬಿಕೆ. "ನೀವು ಸುಳ್ಳು ಬರದ್ರೂ ಛಂದ ಬರೀತೀರಿ, ಅದ ನಿಮ್ಮ ತ್ರಾಸು" ಎಂದು ಚಹಾ ಕೊಡುತ್ತ ಛೇಡಿಸುವರು. ನಾನೂ ಬಿಡುತ್ತಿರಲಿಲ್ಲ. ಜಿರಲೆಯ ಹೊಟ್ಟೆ ಸೀಳಿ ಹೊಟ್ಟೆ ಹೊರೆಯುವವರು ನೀವು ಎನ್ನುತ್ತಿದ್ದೆ.

ಅವರ ಒಂದು ಪ್ರಾಕ್ಟಿಕಲ್ ಪರೀಕ್ಷೆ ಕಾಲೇಜಿನಲ್ಲಿ ಇವತ್ತಿಗೂ ಕಥೆಯಾಗಿದೆ. ಸೂಕ್ಷ್ಮದರ್ಶಕದ ಕೆಳಗೆ ಒಂದು ಗಾಜಿನ ಪಟ್ಟಿ ಇಟ್ಟು, ಕಂಡದ್ದನ್ನು ಚಿತ್ರ ಬರೆಯಿರಿ ಎಂದಿದ್ದರು. ಆ ವಾರದ ಪಾಠ ಅಮೀಬಾ. ಇಡೀ ಕ್ಲಾಸು ಪಠ್ಯಪುಸ್ತಕದಲ್ಲಿದ್ದಂತೆ ಅಮೀಬಾ ಬರೆದು, ಬಾಣ ಎಳೆದು, ಭಾಗಗಳನ್ನು ಗುರುತಿಸಿ ಕೊಟ್ಟಿತು. ಅಫಜಲಪುರದ ಕಡೆಯ ಹಳ್ಳಿಯಿಂದ ಬಂದ ಒಬ್ಬ ಹುಡುಗಿ ಮಾತ್ರ ಒಂದು ಸೊಟ್ಟ ವರ್ತುಲ ಎಳೆದು, ಕೆಳಗೆ 'ಏನೋ ಗುಳ್ಳೆ ಕಾಣಿಸುತ್ತದೆ, ಒಳಗೆ ಏನೂ ಇಲ್ಲ' ಎಂದು ಬರೆದಿದ್ದಳು. ಆ ಗಾಜಿನ ಮೇಲೆ ಇದ್ದದ್ದು ಒಂದು ನೀರಿನ ಹನಿ, ಅದರಲ್ಲೊಂದು ಗಾಳಿಗುಳ್ಳೆ, ಅಷ್ಟೇ. ಆ ಹುಡುಗಿಗೆ ಪೂರ್ತಿ ಅಂಕ ಬಂತು. ಉಳಿದವರಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಗುಂಡನೆಯ ಸೊನ್ನೆ. ಪ್ರಿನ್ಸಿಪಾಲರು ಕರೆಸಿ ಕೇಳಿದಾಗ, "ಕಂಡದ್ದು ಬರೀರಿ ಅಂದಿದ್ದೆ ಸರ್. ಕಲ್ತದ್ದು ನನಗ ಗೊತ್ತದ" ಎಂದರು.

ಆ ಮಾತನ್ನು ಅವರು ದಿನಕ್ಕೊಂದು ಸಲವಾದರೂ ಆಡುತ್ತಿದ್ದರು. ನಾನು ಅದನ್ನು ಅವರ ಚಹಾದ ಹಾಗೆ ಒಂದು ರೂಢಿ ಎಂದುಕೊಂಡಿದ್ದೆ.

ಪೂಜೆಯ ವಿಷಯಕ್ಕೆ ಬರುತ್ತೇನೆ, ಈ ಬರಹವೆಲ್ಲ ಅದರ ಮೇಲೇ ನಿಂತಿದೆ. ಮೇಡಂ ಕೊರಳಲ್ಲಿ ಇಷ್ಟಲಿಂಗವಿತ್ತು, ಬೆಳ್ಳಿಯ ಪುಟ್ಟ ಕರಡಿಗೆಯಲ್ಲಿ. ಮುಂಜಾನೆ ಸ್ನಾನವಾದೊಡನೆ ಹಣೆಗೆ ವಿಭೂತಿ ಎಳೆದುಕೊಂಡು, ಚಾಪೆಯ ಮೇಲೆ ಕೂತು, ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು, ತಂಬಿಗೆಯಿಂದ ಒಂದಿಷ್ಟು ನೀರು ಹಾಕಿ, ಅಂಗಳದ ಗಿಡದ ಒಂದು ಬಿಲ್ವಪತ್ರೆ ಏರಿಸಿ, ಎರಡು ನಿಮಿಷಕ್ಕೆ ಎದ್ದುಬಿಡುವರು. "ಹಾಜರಿ ಹಾಕಿ ಬಂದೆ" ಎನ್ನುವರು. ಪಕ್ಕದ ಮನೆಯ ನೀಲಮ್ಮ, ದಿನದಲ್ಲಿ ಮೂರು ಹೊತ್ತು, ಬೆಳಿಗ್ಗೆ ಮಧ್ಯಾಹ್ನ ಸಂಜೆ, ಲಿಂಗಪೂಜೆ ತಪ್ಪಿಸದ ಮುದುಕಿ. "ತ್ರಿಕಾಲ ಪೂಜಿ ಹಿಡೀರಿ ಮೇಡಂ, ವಯಸ್ಸಾತು" ಎಂದು ಆಕೆ ಗೋಡೆಯಾಚೆಯಿಂದ ಹೇಳಿದರೆ, "ಮೂರು ಹೊತ್ತು ಕರದ್ರ ಅವಗೂ ಬ್ಯಾಸರಾಗ್ತದ ನೀಲಮ್ಮ" ಎನ್ನುತ್ತಿದ್ದರು.

ಅವರಿಗೆ ಇದ್ದ ಭಯ ಒಂದೇ. ಅದನ್ನು ಅವರು ನನಗೆ ಹೇಳಿದ್ದು ನಾನು ಆ ಮನೆಗೆ ಹೋಗಿ ಏಳೆಂಟು ವರ್ಷವಾದ ಮೇಲೆ. ಅವರ ತಾಯಿ ಅರವತ್ತಕ್ಕೆ ಮುಂಚೆಯೇ ಮರೆಯಲು ಶುರುಮಾಡಿದ್ದರಂತೆ. ಮೊದಲು ರೊಟ್ಟಿಗೆ ಉಪ್ಪು, ಆಮೇಲೆ ಬಾಗಿಲ ಚಿಲಕ, ಆಮೇಲೆ ಮಕ್ಕಳು. ಗಾಳಿ ಸೋಕಿದೆ ಎಂದು ಬಂಧುಗಳು ಗಾಣಗಾಪುರಕ್ಕೆ ಕರೆದೊಯ್ದು ತಿಂಗಳುಗಟ್ಟಲೆ ಇಟ್ಟರು. ಮೇಡಂ ರಜೆ ಹಾಕಿ ಹೋಗಿ, ಭೀಮಾ ನದಿಯ ಮೆಟ್ಟಿಲ ಮೇಲೆ ತಾಯಿಯ ಪಕ್ಕ ಕೂರುತ್ತಿದ್ದರು. ಒಂದು ದಿನ ತಾಯಿ ಅವರ ಕೈ ಹಿಡಿದು, "ನಿಮ್ಮ ತಾಯಿ ಎಲ್ಲಿ ಹೋಗ್ಯಾಳಬೇ, ನಿನ್ನೊಬ್ಬಾಕಿನ್ನ ಬಿಟ್ಟು?" ಎಂದು ಮರುಗಿದರಂತೆ. ಕೆಲವು ವರ್ಷಗಳ ನಂತರ ಕರಜಗಿಗೆ ಕೊಟ್ಟಿದ್ದ ಅಕ್ಕನಿಗೂ ಅದೇ ಆಯಿತು. ಅಕ್ಕ ತನ್ನ ಮನೆಯ ಕಬ್ಬಿನ ಹೊಲದೊಳಗೇ ದಾರಿ ತಪ್ಪಿ, ಒಂದು ದಿನವೆಲ್ಲ ಸಿಗಲಿಲ್ಲ. ಅಕ್ಕನ ಮಗಳು ಸುವರ್ಣ, ಅಂದೋಲಾಕ್ಕೇ ಕೊಟ್ಟ ಹುಡುಗಿ, ಆಗ ಎಳೆಯ ಬಾಣಂತಿ.

"ಅವ್ವ ಆತು, ಅಕ್ಕ ಆತು. ಮುಂದ ನಾನು. ನನ್ನ ಹಿಂದ ಸುವರ್ಣ" ಎಂದರು ಮೇಡಂ. ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲೇ ಹೇಳಿದರು.

ಹೆದರಿಕೆಯನ್ನು ಅವರು ತಮ್ಮ ರೀತಿಯಲ್ಲಿ ಪಳಗಿಸಿಕೊಂಡಿದ್ದರು. ಕಪ್ಪೆಯ ಮಿದುಳಿನಿಂದ ಹೊರಡುವ ನರಗಳು ಹತ್ತು ಜೊತೆ. ಅವುಗಳ ಹೆಸರನ್ನು ದಿನಾ ಮುಂಜಾನೆ ಅಂಗಳ ಗುಡಿಸುತ್ತ ಒಂದೊಂದಾಗಿ ಗಟ್ಟಿಯಾಗಿ ಹೇಳುವರು. ನಾನು ಮೇಲೆ ಫಜರ್ ನಮಾಜು ಮುಗಿಸಿ ಚಾಪೆ ಮಡಚುವಾಗ ಕೆಳಗಿನಿಂದ ಆಲ್ಫ್ಯಾಕ್ಟರಿ, ಆಪ್ಟಿಕ್ ಎಂದು ಶುರುವಾಗಿ ವೇಗಸ್ ಎಂದು ಮುಗಿಯುತ್ತಿತ್ತು. ನೀಲಮ್ಮ ಅದು ಯಾವುದೋ ಮಂತ್ರವೆಂದು ನಂಬಿದ್ದಳು. ನಿವೃತ್ತಿಯಾದ ಮೇಲೂ ಅದು ತಪ್ಪಲಿಲ್ಲ. ಒಂದು ಮುಂಜಾನೆ ನಾನು ಮೆಟ್ಟಿಲಿಳಿದು ಬಂದಾಗ ಅವರು ಪೊರಕೆ ಹಿಡಿದು ಸುಮ್ಮನೆ ನಿಂತಿದ್ದರು.

"ಕನ್ನಡದವ್ರೇ, ಇವತ್ತ ಒಂಬತ್ತ ಬಂದ್ವು" ಎಂದರು.

ನಾನು ನನ್ನ ಚಾಳಿಯಂತೆ, ನನಗೆ ದಿನಾ ಕ್ಲಾಸಿನ ಹುಡುಗರ ಹೆಸರೇ ಬರುವುದಿಲ್ಲ ಎಂದು ಸಮಾಧಾನ ಹೇಳಿದೆ. ಅವರು ನನ್ನ ಮುಖವನ್ನೇ ನೋಡಿ, "ಬಣ್ಣಾ ಬಳೀಬ್ಯಾಡ್ರಿ" ಎಂದರು. ಮಾರನೆಯ ವಾರ ಕಲಬುರಗಿಯ ಡಾಕ್ಟರು, ಆಮೇಲೆ ಹೈದರಾಬಾದಿನವರು. ಎಲ್ಲ ಪರೀಕ್ಷೆಗಳೂ ಆಗಿ, ರೋಗ ಹೌದು, ಆದರೆ ಇನ್ನೂ ಮೊದಲ ಮೆಟ್ಟಿಲಲ್ಲಿದೆ ಎಂದಾಯಿತು. ಅಲ್ಲಿಯೇ ಒಂದು ಹೊಸ ಔಷಧದ ಪ್ರಯೋಗದ ವಿಷಯ ಅವರ ಕಿವಿಗೆ ಬಿತ್ತು.

ಅದೇನೆಂದು ಅವರು ನನಗೆ ವಿವರಿಸಿದ್ದು ಬಸ್ಸಿನಲ್ಲಿ, ಜೇವರ್ಗಿಯ ದಾರಿಯ ಜೋಳದ ಹೊಲಗಳ ನಡುವೆ. ತೆನೆ ಹಾಲುಗಟ್ಟಿದ್ದ ಕಾಲ. ಅಟ್ಟದ ಮೇಲೆ ಒಬ್ಬ ಹಕ್ಕಿ ಓಡಿಸುತ್ತಿದ್ದ.

"ಅಲ್ಲಿ ನೋಡ್ರಿ, ಕಾವಲುಗಾರ. ಮಿದುಳಿನ್ಯಾಗೂ ಇಂಥಾವ್ರು ಇರ್ತಾರ. ಮೈಕ್ರೋಗ್ಲಿಯಾ ಅಂತ ಕೋಶ. ಹಕ್ಕಿ ಬಂದ್ರ ಓಡಸ್ತಾವ, ಕಸ ಬಿದ್ರ ತಿಂದು ತೆಗೀತಾವ. ಆ ಕೋಶದ ಮೈಮ್ಯಾಲೆ ಸಣ್ಣ ಸಣ್ಣ ಕಿವಿ ಅವ. ರಿಸೆಪ್ಟರ್ ಅಂತೀವಿ ನಾವು. ಕಸ ಬಿತ್ತು ಅನ್ನೋದು ಆ ಕಿವಿಗೆ ಕೇಳಬೇಕು. ನಮ್ಮ ಮನಿ ಹೆಣ್ಮಕ್ಕಳಿಗೆ ಆ ಕಿವಿ ಮಂದ ಅವ ಅಂತ ಕಾಣಸ್ತದ."

"ಔಷಧ ಏನು ಮಾಡ್ತದ್ರಿ?"

"ಕಿವಿ ಹತ್ರ ಹೋಗಿ ಕೂಗ್ತದ. ಏಳೋ ಮಾರಾಯಾ, ಕಸ ಕುಂತದ ಅಂತ."

ಇಷ್ಟು ಸರಳವಿದ್ದರೆ ಇನ್ನೇನು ಎಂದೆ. ಅವರು ಮತ್ತೆ ಅಟ್ಟದ ಕಡೆ ಬೆರಳು ತೋರಿಸಿದರು. "ಕೂಗು ಜಾಸ್ತಿ ಆತಂದ್ರ ಕಾವಲುಗಾರ ಹುಚ್ಚೆದ್ದು ಬೆಳೀನೂ ಬಡೀತಾನ್ರಿ. ಮಿದುಳು ಬಾವು ಬರ್ತದ, ರಕ್ತ ಜಿನಗಬಹುದು. ಎಷ್ಟು ಕೂಗಬೇಕು, ಯಾವಾಗ ನಿಲ್ಲಿಸಬೇಕು, ಯಾರಿಗೂ ಇನ್ನಾ ಪಕ್ಕಾ ಗೊತ್ತಿಲ್ಲ. ಉಪಯೋಗ ಆಗ್ತದೋ ಇಲ್ಲೋ ಅದೂ ಗೊತ್ತಿಲ್ಲ. ಅದಕ್ಕ ಪ್ರಯೋಗ."

ಪ್ರಯೋಗಕ್ಕೆ ಸೇರುವವರ ಜೊತೆ ಇನ್ನೊಬ್ಬರು ಇರಲೇಬೇಕೆಂಬುದು ಅಲ್ಲಿಯ ನಿಯಮ. ರೋಗಿಯನ್ನು ದಿನಾ ನೋಡುವವರು. ತಿಂಗಳಿಗೊಮ್ಮೆ ಸಲೈನಿನಲ್ಲಿ ಔಷಧ ಕೊಡುವಾಗ ಅವರನ್ನು ಬೇರೆ ಕೋಣೆಗೆ ಕರೆದು, ಮನೆಯಲ್ಲಿ ಏನೇನು ಬದಲಾಗಿದೆ ಎಂದು ಕೇಳುತ್ತಾರೆ. ಮರೆಯುವವರಿಗೆ ತಾವು ಮರೆತದ್ದು ತಿಳಿಯುವುದಿಲ್ಲವಲ್ಲ. ಮಿದುಳಿನ ಸ್ಕ್ಯಾನ್ ತೆಗೆಯುವುದು ಕೆಲವು ತಿಂಗಳಿಗೊಮ್ಮೆ. ನಡುವಿನ ದಿನಗಳಿಗೆ ಆ ಜೊತೆಗಾರರ ಬಾಯೇ ಆಧಾರ. ಸುವರ್ಣಳನ್ನು ಕರೆಯಿರಿ ಎಂದು ನಾನು ಹೇಳಿದೆ. ಮೇಡಂ ಒಪ್ಪಲಿಲ್ಲ.

"ಆಕಿ ನನ್ನ ಮಾನ ಮುಚ್ಚತಾಳ. ಮತ್ತ ನನ್ನ ನೋಡಿ ನೋಡಿ ತನ್ನ ದಿನಾನೂ ಲೆಕ್ಕಾ ಹಾಕ್ತಾಳ. ನೀವ ಬರ್ರಿ. ಆದ್ರ ಒಂದು ಮಾತು. ಇದು ನನ್ನ ಉಳಸ್ತದ ಅಂತ ನಾ ಸೇರಾಕತ್ತಿಲ್ಲ. ಸಲೈನಿನ್ಯಾಗ ಔಷಧ ಇದ್ರೂ ಇರಬಹುದು, ಬರೇ ಉಪ್ಪುನೀರ ಇದ್ರೂ ಇರಬಹುದು, ಅದನ್ನ ನಮಗ ಹೇಳಂಗಿಲ್ಲ. ನನ್ನ ಲೆಕ್ಕ ಖರೇ ಇದ್ರ ಸುವರ್ಣಾನ ಕಾಲಕ್ಕ ಉಪಯೋಗಕ್ಕ ಬರ್ತದ. ಸುಳ್ಳಿದ್ರ ಆಕೀಗೂ ಇಲ್ಲ, ನನಗೂ ಇಲ್ಲ. ಕಂಡದ್ದು ಹೇಳ್ಬೇಕು. ಮಾತು ಕೊಡ್ರಿ."

ಕೊಟ್ಟೆ. ಕುರಾನಿನ ಮೇಲೆ ಕೈಯಿಟ್ಟು ಕೊಡಲೇ ಎಂದೂ ಕೇಳಿದೆ. "ಬ್ಯಾಡ್ರಿ, ಬಾಯಿಲೆ ಸಾಕು" ಎಂದರು.

ಹೀಗೆ ನಮ್ಮ ತಿಂಗಳ ಯಾತ್ರೆ ಶುರುವಾಯಿತು. ಕಲಬುರಗಿಯಿಂದ ರೈಲು, ಕಿಟಕಿಯ ಪಕ್ಕ ಮೇಡಂ, ಡಬ್ಬಿಯಲ್ಲಿ ಕಟಿ ರೊಟ್ಟಿ, ಶೇಂಗಾ ಹಿಂಡಿ. ಮೊದಲ ಸ್ಕ್ಯಾನಿನ ದಿನ ಅಲ್ಲಿಯ ಹುಡುಗ ಮೈಮೇಲಿನದೆಲ್ಲ ತೆಗೆಯಬೇಕು, ಲೋಹದ ಚೂರೂ ಒಳಗೆ ಬರಕೂಡದು ಎಂದ. ಲಿಂಗವನ್ನು ಮೈಯಿಂದ ಅಗಲಿಸಬಾರದು ಎಂಬುದು ನನಗೂ ಗೊತ್ತು. ಮೇಡಂ ಒಂದು ಗಳಿಗೆ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಆಮೇಲೆ ಶಿವದಾರ ಸಮೇತ ಕೊರಳಿಂದ ತೆಗೆದು ನನ್ನ ಅಂಗೈ ಮೇಲಿಟ್ಟರು.

"ನನ್ನ ಕೈಯಾಗೇನ್ರಿ ಮೇಡಂ?" ಎಂದೆ.

"ನಿಮ್ಮ ಕೈಗೆ ಏನಾಗ್ಯದ? ಮುಂಜಾನಿಂದ ಎಷ್ಟು ಸಲ ಕೈಕಾಲು ತೊಳದು ವಜೂ ಮಾಡೀರಿ, ನನ್ನ ಕೈಗಿಂತ ಸ್ವಚ್ಛ ಅವ."

ಯಂತ್ರದ ಕಟಕಟ ಸದ್ದು ಹೊರಗಿನವರೆಗೂ ಕೇಳುತ್ತಿತ್ತು. ಅದು ನಿಲ್ಲುವವರೆಗೆ ನಾನು ಎರಡೂ ಕೈ ಬೊಗಸೆ ಮಾಡಿಕೊಂಡು ಕೂತೆ. ಕರಡಿಗೆ ಅವರ ಮೈಯ ಬಿಸಿಯಿಂದ ಇನ್ನೂ ಬೆಚ್ಚಗಿತ್ತು. ಯಾರಿಗೂ ಕೊಡದ್ದನ್ನು ನನಗೆ ಕೊಟ್ಟಿದ್ದಾರೆ ಎಂದು ಹೆಮ್ಮೆಯಾಯಿತು, ಅಳುವೂ ಬಂತು. ಆ ದಿನದಿಂದ ಅವರ ಪೂಜೆ ನನ್ನ ಪಾಲಿಗೆ ಮುಟ್ಟಬಾರದ ವಿಷಯವಾಯಿತು. ತಪ್ಪು ಅಲ್ಲಿಂದಲೇ ಶುರುವಾಯಿತೆಂದು ಈಗ ಅನ್ನಿಸುತ್ತದೆ.

ನಾಲ್ಕೈದು ತಿಂಗಳು ಎಲ್ಲ ನೆಟ್ಟಗಿತ್ತು. ಪ್ರಶ್ನೆ ಕೇಳುವ ಹುಡುಗಿ ನನ್ನ ಉರ್ದು ಕೇಳಿ ಖುಷಿಯಾಗಿ, ಇಂಗ್ಲಿಷಿನ ಪ್ರಶ್ನೆಗಳನ್ನು ದಕ್ಕನಿ ಉರ್ದುವಿನಲ್ಲೇ ಕೇಳುತ್ತಿದ್ದಳು. ನಾನು ಕಂಡದ್ದನ್ನು ಹೇಳುತ್ತಿದ್ದೆ. ಹಾಲು ಎರಡು ಸಲ ಉಕ್ಕಿತು, ಹೇಳಿದೆ. ಪೇಪರಿನವನ ಹೆಸರು ಮರೆತರು, ಹೇಳಿದೆ. ತಲೆನೋವೆಂದು ಒಂದು ದಿನ ಮಲಗಿದರು, ಅದನ್ನೂ ಹೇಳಿದೆ. ಬಲು ಪ್ರಾಮಾಣಿಕಳು ನಾನು ಎಂದು ಮನಸ್ಸಿನಲ್ಲೇ ಬೀಗುತ್ತಿದ್ದೆ.

ಆಮೇಲೆ ಬೇಸಿಗೆ ಬಂತು. ಕಾಲೇಜಿಗೆ ರಜೆ, ನಾನು ಹಗಲೆಲ್ಲ ಮನೆಯಲ್ಲೇ. ಒಂದು ಮಧ್ಯಾಹ್ನ ಕೆಳಗೆ ಬಚ್ಚಲಲ್ಲಿ ನೀರು ಸುರಿಯುವ ಸದ್ದು, ಸ್ವಲ್ಪ ಹೊತ್ತಿಗೆ ವಿಭೂತಿಯ ವಾಸನೆ. ಇಳಿದು ನೋಡಿದರೆ ಮೇಡಂ ಒದ್ದೆ ಕೂದಲು ಬೆನ್ನಿಗೆ ಬಿಟ್ಟುಕೊಂಡು, ಎಡ ಅಂಗೈ ನೋಡುತ್ತ ಪೂಜೆಗೆ ಕೂತಿದ್ದರು. ನಾನು ಹೆಜ್ಜೆ ಸಪ್ಪಳ ಮಾಡದೆ ಹಿಂದಕ್ಕೆ ಬಂದೆ. ಸಂಜೆ ಮತ್ತೊಮ್ಮೆ. ಮಾರನೆಯ ದಿನವೂ ಹಾಗೇ. ಗೋಡೆಯಾಚೆಯಿಂದ ನೀಲಮ್ಮನ ಸಂತೋಷಕ್ಕೆ ಪಾರವಿರಲಿಲ್ಲ. "ಮೇಡಂ ತ್ರಿಕಾಲ ಪೂಜಿ ಹಿಡದಾರ ನೋಡ್ರಿ. ಬ್ಯಾನಿ ಬಂದ್ರೂ ಛಲೋ ಹಾದಿಗೇ ಹಚ್ಚೇದ" ಎಂದು ಓಣಿಗೆಲ್ಲ ಹೇಳಿದಳು. ಅಂದೋಲಾದಿಂದ ಬಂದ ಸುವರ್ಣ ಕೇಳಿ ಕಣ್ಣೊರೆಸಿಕೊಂಡಳು. ದಿನಕ್ಕೆ ಐದು ಹೊತ್ತು ನಮಾಜು ಮಾಡುವವಳಿಗೆ ಮೂರು ಹೊತ್ತಿನ ಪೂಜೆ ಅತಿ ಎನ್ನಿಸಲಿಲ್ಲ. ಕಷ್ಟ ಬಂದಾಗ ಮನುಷ್ಯರು ದೇವರ ಕಡೆ ತಿರುಗುತ್ತಾರೆ, ನಾನೂ ತಿರುಗಿದ್ದೇನೆ. ಅದೂ ಅಲ್ಲದೆ, ಇನ್ನೊಬ್ಬರ ಪೂಜೆಯಲ್ಲಿ, ಅದರಲ್ಲೂ ನನ್ನಂಥವಳು, ಬಾಯಿ ಹಾಕುವುದು ನಮ್ಮ ಕಡೆಯ ಮರ್ಯಾದೆಯಲ್ಲ. ಎಷ್ಟು ತಲೆಮಾರಿನಿಂದ ನಾವು ಹೀಗೇ ಒಬ್ಬರ ದೇವರನ್ನೊಬ್ಬರು ಕೆಣಕದೆ ಬದುಕಿದ್ದೇವೆ.

ಕಂಡದ್ದು ಬೇಕಾದಷ್ಟಿತ್ತು. ಅಂಗಳದ ಬಿಲ್ವದ ಗಿಡ ಕೈಗೆಟುಕುವವರೆಗೆ ಬೋಳಾಗಿತ್ತು. ಹಣೆಯ ಮೇಲೆ ವಿಭೂತಿ ಒಣಗಿದ್ದರ ಮೇಲೆ ಹಸಿಯದು, ಒಂದರ ಮೇಲೊಂದು, ಸಂಜೆಗೆ ಪದರಾಗಿರುತ್ತಿತ್ತು. ಕೆಲವು ದಿನ ಪೂಜೆ ಮೂರಲ್ಲ, ನಾಲ್ಕೂ ಆಗುತ್ತಿತ್ತು. ನಾನು ಎಣಿಸಲಿಲ್ಲ, ಎಣಿಸುವುದು ಪಾಪವೆಂದು.

ಆ ತಿಂಗಳು ಹೈದರಾಬಾದಿನ ಹುಡುಗಿ ಪಟ್ಟಿಯಲ್ಲಿದ್ದ ಪ್ರಶ್ನೆ ಕೇಳಿದಳು. "ಏಕೀಚ್ ಕಾಮ್ ಫಿರ್ ಫಿರ್ ಕರ್ತೇ ಕ್ಯಾ ಉನೋ?" ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾರೆಯೇ ಎಂದು. ನೈ, ಇಲ್ಲ ಎಂದೆ. ಹೊಸದೇನಾದರೂ ಬದಲಾವಣೆ? ಮನಸ್ಸು ಶಾಂತವಾಗಿದೆ, ಭಕ್ತಿ ಹೆಚ್ಚಾಗಿದೆ ಎಂದು ಸೊಗಸಾಗಿ ವರ್ಣಿಸಿದೆ. ಆಕೆ 'ಮನಸ್ಥಿತಿ ಉತ್ತಮ' ಎಂದು ಗುರುತು ಹಾಕಿಕೊಂಡಳು. ಪಕ್ಕದ ಕೋಣೆಯಲ್ಲಿ ಮೇಡಂ ತೋಳಿಗೆ ಸಲೈನ್ ಹನಿಯುತ್ತಿತ್ತು. ಮುಂದಿನ ತಿಂಗಳೂ ಅದೇ ಪ್ರಶ್ನೆ, ಅದೇ ಉತ್ತರ, ಇನ್ನೊಂದು ಬಾಟಲಿ.

ತಿಳಿದದ್ದು ಒಂದು ಶುಕ್ರವಾರ ಮಧ್ಯಾಹ್ನ ಮೂರೂವರೆಗೆ. ಗಡಿಯಾರ ನೋಡಿದ್ದೆ, ಅದಕ್ಕೇ ನೆನಪಿದೆ. ಸೇವಿಗೆ ಪಾಯಸ ಮಾಡಿದ್ದೆ, ಬಟ್ಟಲಲ್ಲಿ ಹಾಕಿಕೊಂಡು ಕೆಳಗಿಳಿದೆ. ಮೇಡಂ ಒದ್ದೆ ಕೂದಲಲ್ಲಿ ಚಾಪೆ ಹಾಸುತ್ತಿದ್ದರು. ಒಂದು ತಾಸಿನ ಹಿಂದಷ್ಟೇ ಅದೇ ಚಾಪೆಯಿಂದ ಎದ್ದದ್ದನ್ನು ನಾನು ಮೆಟ್ಟಿಲ ಮೇಲಿಂದ ಕಂಡಿದ್ದೆ.

"ಅಲ್ಲೇ ಇಡ್ರಿ ಕನ್ನಡದವ್ರೇ. ಸ್ನಾನಾ ಮಾಡಿ ಈಗ ಬಂದೇನಿ. ಮುಂಜಾನಿ ಪೂಜಿ ಇನ್ನಾ ಆಗಿಲ್ಲ" ಎಂದರು.

ಹೊರಗೆ ಬಿಸಿಲು ಕಾದಿತ್ತು. ಬಟ್ಟಲನ್ನು ಕೆಳಗಿಟ್ಟೆ. "ಮೇಡಂ, ನೀವು ತ್ರಿಕಾಲ ಪೂಜಿ ಹಿಡದೀರಲ್ರಿ?" ಎಂದೆ.

ಅವರು ಹುಬ್ಬೇರಿಸಿ ನಕ್ಕರು. ಸ್ಟಾಫ್ ರೂಮಿನ ಅದೇ ಹಳೆಯ ನಗು. "ನಾನ? ತ್ರಿಕಾಲಾನ? ಯಾರ್ರಿ ಹೇಳ್ದವ್ರು? ನಂದು ಎರಡು ನಿಮಿಷದ ಹಾಜರಿ."

ಅವರು ಒಂದು ದಿನವೂ ತ್ರಿಕಾಲ ಪೂಜೆ ಮಾಡಿರಲಿಲ್ಲ. ಮಾಡಿದ್ದೆಲ್ಲ ಮುಂಜಾನೆಯ ಪೂಜೆಯೇ, ಮತ್ತೆ ಮತ್ತೆ. ಮೇಲೆ ಬಂದು ಗೋಡೆಗೆ ಹಣೆಯಿಟ್ಟು ಅತ್ತೆ. ಗಾಳಿಗುಳ್ಳೆಯನ್ನು ನೋಡಿ ಅಮೀಬಾ ಬರೆದ ಆ ಕ್ಲಾಸಿನಲ್ಲಿ ಮೊದಲ ಬೆಂಚಿನಲ್ಲಿ ಕೂತವಳು ನಾನೇ ಆಗಿದ್ದೆ.

ಮಾರನೆಯ ದಿನವೇ ಹೈದರಾಬಾದಿಗೆ ಕರೆದೊಯ್ದೆ. ಡಾಕ್ಟರು ನನ್ನ ಮಾತನ್ನು ಪೂರ್ತಿ ಕೇಳಿ, ಬೈಯದೆ ಸ್ಕ್ಯಾನಿಗೆ ಬರೆದರು. ಮತ್ತೆ ಆ ಕರಡಿಗೆ ನನ್ನ ಬೊಗಸೆಗೆ ಬಂತು. ಈ ಸಲ ಅದನ್ನು ಹಿಡಿಯುವ ಯೋಗ್ಯತೆ ನನಗಿರಲಿಲ್ಲ. ಮಿದುಳಿನಲ್ಲಿ ಎರಡು ಕಡೆ ಬಾವು ಕಾಣುತ್ತಿತ್ತು. ಔಷಧದಿಂದ ಬಂದದ್ದೇ ಎಂದು ಕೇಳಿದೆ. ಅವರು ಚಿತ್ರದಿಂದ ಕಣ್ಣು ತೆಗೆಯದೆ, "ಇರಬಹುದು. ರೋಗವೇ ಜಿಗಿದಿರಲೂಬಹುದು. ಬದಲಾವಣೆ ಶುರುವಾದ ವಾರವೇ ತಿಳಿದಿದ್ದರೆ ಆ ಎರಡು ಬಾಟಲಿ ಕೊಡುತ್ತಿರಲಿಲ್ಲ. ಈಗ ಯಾವುದನ್ನೂ ಖಚಿತವಾಗಿ ಹೇಳಲಾರೆ" ಎಂದರು. ಔಷಧ ನಿಲ್ಲಿಸಿದರು. ಮೇಡಂ ಅವರ ಕಡತದಲ್ಲಿ ಆ ಎರಡು ತಿಂಗಳ ಮೇಲೆ ಅಡ್ಡಗೆರೆ ಬಿತ್ತು. ಸುವರ್ಣಳ ಸಲುವಾಗಿ ಬೇಕೆಂದಿದ್ದ ಲೆಕ್ಕ ಅದೇ ಆಗಿತ್ತು.

ಅವರಿಗೆ ಹೇಳದೆ ಇರಲು ನನ್ನಿಂದ ಆಗಲಿಲ್ಲ. ಕಲಬುರಗಿಯಿಂದ ಜೇವರ್ಗಿಯ ಬಸ್ಸು ಹತ್ತಿದ ಮೇಲೆ ಎಲ್ಲ ಹೇಳಿದೆ. ಅವತ್ತು ಅವರ ಮನಸ್ಸು ನಿಚ್ಚಳವಾಗಿತ್ತು.

"ಎಷ್ಟು ದಿನದ್ದು?"

"ಎರಡು ತಿಂಗಳ್ರಿ."

"ನೀವು ಕಂಡಿದ್ರಿ?"

"ಕಂಡಿದ್ದೆ."

"ಮತ್ತ ಯಾಕ ಹೇಳಲಿಲ್ಲ?"

"ಭಕ್ತಿ ಅಂತ ತಿಳ್ಕೊಂಡೆ, ಮೇಡಂ."

ಅವರು ಕಿಟಕಿಯ ಕಡೆ ತಿರುಗಿದರು. ಭೀಮಾ ನದಿಯ ಸೇತುವೆ ಬಂತು, ಕೆಳಗೆ ನೀರಿಗಿಂತ ಮರಳೇ ಹೆಚ್ಚು ಕಾಣುತ್ತಿತ್ತು. ಸೇತುವೆ ದಾಟಿದ ಮೇಲೆ ತೋರುಬೆರಳಿನಿಂದ ಬಸ್ಸಿನ ಕಿಟಕಿಯ ಧೂಳಿನ ಮೇಲೆ ಒಂದು ಗುಂಡನೆಯ ಸೊನ್ನೆ ಬರೆದರು. ಸಿಟ್ಟಿರಲಿಲ್ಲ ಅವರ ಮುಖದಲ್ಲಿ. ಸಿಟ್ಟಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ.

ಮೂರನೆಯ ದಿನಕ್ಕೆ ಅದನ್ನೂ ಮರೆತರು. ಬ್ಯಾಗು ತುಂಬಿಕೊಂಡು ಬಂದು, "ಹೈದರಾಬಾದಿಗೆ ಯಾವಾಗ ಹೋಗೋದ್ರಿ?" ಎಂದು ಕೇಳಿದರು. ಮುಂದಿನ ವಾರ ಎಂದು ಒಂದು ಮಾತು ಹೇಳಿದ್ದರೆ ಅವರು ಸಮಾಧಾನವಾಗಿ ರೊಟ್ಟಿ ಬಡಿಯಲು ಹೋಗುತ್ತಿದ್ದರು. ನಾನು ಖರೇ ಹೇಳಿದೆ. ಪ್ರತಿ ಸಲ ಕೇಳಿದ್ದು ಅವರಿಗೆ ಮೊದಲ ಸಲ. ಪ್ರತಿ ಸಲ ಮುಖ ಮಂಕಾಗುತ್ತಿತ್ತು, ಪ್ರತಿ ಸಲ "ಮತ್ತ ಯಾಕ ಹೇಳಲಿಲ್ಲ?" ಎನ್ನುವರು. ಮಳೆಗಾಲ ಮುಗಿಯುವವರೆಗೆ ಹೀಗೆ ನಡೆಯಿತು. ಒಂದು ದಿನ ಅವರು ಕೇಳಲಿಲ್ಲ. ನಾನು ಸಂಜೆಯವರೆಗೆ ಮೆಟ್ಟಿಲ ಮೇಲೆ ಕಾದು ಕೂತೆ.

ಸುವರ್ಣ ಬಂದು ಅವರನ್ನು ಅಂದೋಲಾಕ್ಕೆ ಕರೆದುಕೊಂಡು ಹೋದಳು. ನಾನು ಭಾನುವಾರ ತಪ್ಪದೆ ಹೋಗುತ್ತಿದ್ದೆ. ಕಪ್ಪೆಯ ನರಗಳು ಎರಡಕ್ಕಿಳಿದವು, ಆಮೇಲೆ ಕಪ್ಪೆಯೂ ಹೋಯಿತು. ನನ್ನ ಗುರುತು ಹೋದ ಮೇಲೂ ಒಂದು ಮಾತು ಮಾತ್ರ ಉಳಿದಿತ್ತು. ಎಡ ಅಂಗೈ ಚಾಚಿ, "ಬೇ, ನನ್ನ ಪೂಜಿ ಆತೇನು?" ಎಂದು ಕೇಳುವರು. "ಆಗ್ಯದ್ರಿ ಮೇಡಂ, ಮುಂಜಾನಿನೇ ಆಗ್ಯದ" ಎನ್ನುತ್ತಿದ್ದೆ. ಅವರು ಕ್ಲಾಸಿನ ದನಿಯಲ್ಲಿ, "ಹಂಗಾರ ಬರ್ಕೋ" ಎನ್ನುವರು. ನಾನು ಒಂದು ನೋಟ್‌ಬುಕ್ಕು ಇಟ್ಟುಕೊಂಡು, ಅವರ ಎದುರೇ ತಾರೀಖು ಹಾಕಿ ಬರೆದುಕೊಳ್ಳುತ್ತಿದ್ದೆ. ಬರೆಯುವುದನ್ನು ನೋಡುವಾಗ ಅವರ ಮುಖ ಹಗುರಾಗುತ್ತಿತ್ತು.

ಅವರನ್ನು ಅಂದೋಲಾದ ಹೊಲದಲ್ಲಿ, ಅವರ ತಾಯಿಯ ಗದ್ದುಗೆಯ ಪಕ್ಕದಲ್ಲಿ, ಕೂರಿಸಿ ಮಣ್ಣು ಮಾಡಿದರು. ಎಡ ಅಂಗೈಯಲ್ಲಿ ಲಿಂಗವಿತ್ತು. ನಾನು ದೂರ ನಿಂತು, ನನಗೆ ಬರುವ ದುವಾ ಓದಿಕೊಂಡೆ.

ಹೋದ ಭಾನುವಾರ ಮತ್ತೆ ಅಂದೋಲಾಕ್ಕೆ ಹೋಗಿದ್ದೆ, ಸುವರ್ಣಳನ್ನು ನೋಡಿಬರಲು. ಈಗ ಅವಳಿಗೆ ಐವತ್ತರ ಹತ್ತಿರ. ಚಿಕ್ಕಮ್ಮನ ಹಾಗೆಯೇ ಕುಳ್ಳಗೆ, ಚುರುಕಾಗಿದ್ದಾಳೆ. ನಾನು ಬೆಳಿಗ್ಗೆ ಎಂಟಕ್ಕೆ ತಲುಪಿದಾಗ ಪೂಜೆ ಮುಗಿಸಿ ಎದ್ದು ಬಂದು, ಅದೇ ವಿಭೂತಿಯ ಕೈಯಿಂದ ನನಗೆ ನೀರು ಕೊಟ್ಟಳು. ಪುಂಡಿಪಲ್ಯ ಮಾಡಿದಳು, ರೊಟ್ಟಿ ಬಡಿದಳು, ಚಿಕ್ಕಮ್ಮನ ಹಳೆಯ ಮಾತುಗಳನ್ನು ಆಡಿಕೊಂಡು ಇಬ್ಬರೂ ಉಂಡೆವು. ಊಟವಾದ ಮೇಲೆ ಒಳಗೆ ಹೋದವಳು ಬರಲಿಲ್ಲ. ಬಚ್ಚಲಲ್ಲಿ ನೀರಿನ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಒದ್ದೆ ಕೂದಲು ಬೆನ್ನಿಗೆ ಬಿಟ್ಟುಕೊಂಡು ಬಂದು, ಚಾಪೆ ಹಾಸಿದಳು. ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಅವಳ ಅತ್ತೆ, "ಚಿಗವ್ವ ಹೋದ ಮ್ಯಾಲೆ ಇಕಿನೂ ತ್ರಿಕಾಲ ಪೂಜಿ ಹಿಡದಾಳ್ರಿ. ಛಲೋ ಆತು" ಎಂದು ನನಗೆ ಹೇಳಿದಳು.

ಒಂದು ಗಳಿಗೆ ನನ್ನ ಹಳೆಯ ಮರ್ಯಾದೆ ನಾಲಿಗೆ ಹಿಡಿಯಿತು. ಎದ್ದು ಹೋಗಿ ಸುವರ್ಣಳ ಎದುರು ಚಾಪೆಯ ಅಂಚಿಗೆ ಕೂತೆ.

"ಸುವರ್ಣಾ, ಇದು ಯಾವ ಹೊತ್ತಿನ ಪೂಜಿ ಅವ್ವಾ?"

"ಮುಂಜಾನಿದ್ರಿ" ಎಂದಳು, ಕರಡಿಗೆ ಬಿಚ್ಚುತ್ತ.

"ಮುಂಜಾನಿದು ನಾ ಬಂದಾಗ ಆಗಿತ್ತಲ್ಲ."

ಅವಳ ಕೈ ನಿಂತಿತು. ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಆಮೇಲೆ ಬಾಗಿಲ ಹೊರಗಿನ ಬಿಸಿಲನ್ನು ನೋಡಿದಳು.

"ಆಗಿತ್ತೇನ್ರಿ?" ಎಂದಳು.

ನಾನು ಚೀಲದಿಂದ ಅದೇ ನೋಟ್‌ಬುಕ್ಕು ತೆಗೆದೆ. ಮೇಡಂ ಅವರ ಪುಟಗಳನ್ನು ದಾಟಿ ಹೊಸ ಹಾಳೆಗೆ ಬಂದು, ಮೇಲೆ ಸುವರ್ಣಳ ಹೆಸರು ಹಾಕಿ, ತಾರೀಖು ಹಾಕಿ, ಕಂಡದ್ದನ್ನು ಬರೆದುಕೊಂಡೆ.